ಮನೆಯಲ್ಲಿ ಬಿಳಿ, ಕಾಲೇಜಿನಲ್ಲಿ ಕಂದು

ನಮ್ಮ ದಂತ ಕಾಲೇಜಿನ ಗೇಟಿಗೆ ಕಟ್ಟಿದ್ದ ಬೀಳ್ಕೊಡುಗೆಯ ಫ್ಲೆಕ್ಸಿನಲ್ಲಿ ಸರ್ ನಗುತ್ತಿದ್ದರು. ಮೂಗು ಅವರದೇ, ದಪ್ಪ ಕನ್ನಡಕವೂ ಅವರದೇ, ಕಿವಿಯ ಮೇಲೆ ಪೊದೆಯಾಗಿ ನಿಂತ ಕೂದಲೂ ಅವರದೇ. ಹಲ್ಲು ಮಾತ್ರ ಯಾವುದೋ ಸಿನಿಮಾ ನಟನದು, ಸುಣ್ಣ ಬಳಿದ ಗೋಡೆಯಷ್ಟು ಬಿಳುಪು. ಲಕ್ಷ್ಮೇಶ್ವರದ ಬಸ್ಸಿಳಿದು ಬಂದವಳು ಗೇಟಿನೆದುರು ನಿಂತು ಎರಡೆರಡು ಸಲ ನೋಡಿದೆ. ತುಂಬ ದಂತವೈದ್ಯರೇ ಇರುವ ಒಂದು ಸಂಸ್ಥೆ ವರ್ಷಗಟ್ಟಲೆ ಬೆನ್ನು ಹತ್ತಿಯೂ ಮಾಡಲಾಗದ ಕೆಲಸವನ್ನು ಗದಗಿನ ಫ್ಲೆಕ್ಸ್ ಅಂಗಡಿಯವನು ಚಹಾ ಕುಡಿಯುತ್ತಲೇ ಮುಗಿಸಿಬಿಟ್ಟಿದ್ದ.

ಸರ್ ನಮಗೆ ಔಷಧಶಾಸ್ತ್ರ ಕಲಿಸಿದವರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯೇ ಫೋನ್ ಮಾಡಿ ನನ್ನ ಕನ್ನಡದಲ್ಲಿ ನಾಲ್ಕು ತಪ್ಪು ಹುಡುಕಿ ಕೊಡುತ್ತಾರೆ. ಹುಡುಗರು ಅವರನ್ನು ಕರೆಯುತ್ತಿದ್ದದ್ದು 'ಟೆಟ್ರಾ ಸರ್' ಎಂದು. ಟೆಟ್ರಾಸೈಕ್ಲಿನ್ ಎಂಬ ಹಳೆಯ ಆಂಟಿಬಯಾಟಿಕ್ಕಿನಿಂದ ಬಂದ ಹೆಸರು ಅದು. ಚಿಕ್ಕಂದಿನಲ್ಲಿ ಕುಡಿದ ಆ ಔಷಧಿಯಿಂದ ಅವರ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಪಟ್ಟೆಗಳು ಮೂಡಿದ್ದವು, ಒಂದು ಬೂದು, ಒಂದು ಕಂದು, ಇಳಕಲ್ ಸೀರೆಯ ದಡಿಯ ಹಾಗೆ. ಬೇರೆಯವರಾಗಿದ್ದರೆ ತುಟಿ ಬಿಗಿದುಕೊಂಡು ಬದುಕುತ್ತಿದ್ದರು. ಇವರು ಬಾಯಿ ತೆರೆದುಕೊಂಡೇ ಬದುಕಿದರು.

ಮೊದಲ ದಿನದ ತರಗತಿ ನನಗೆ ಚೆನ್ನಾಗಿ ನೆನಪಿದೆ. ಒಳಗೆ ಬಂದವರೇ ಹಾಜರಿ ಕರೆಯಲಿಲ್ಲ, ಬೋರ್ಡಿನ ಕಡೆಗೂ ಹೋಗಲಿಲ್ಲ. ಎರಡು ಬೆರಳಿನಿಂದ ಮೇಲ್ದುಟಿ ಎತ್ತಿ ಹಿಡಿದು ಬೆಂಚಿನಿಂದ ಬೆಂಚಿಗೆ ಸಾಗಿದರು. ಗುಡಿಯಲ್ಲಿ ಭಕ್ತರ ಮುಂದೆ ಆರತಿ ತಟ್ಟೆ ಬಂದಂತೆ ಪ್ರತಿಯೊಬ್ಬರ ಮುಖದ ಮುಂದೂ ಆ ಬಾಯಿ ಬಂದು ನಿಂತು ಹೋಯಿತು. ಹಿಂದಿನ ಬೆಂಚಿನವರು ನಗು ತಡೆಯಲು ಕೆಮ್ಮಿದರು.

"ಈಗ ಹೇಳ್ರಿ, ಏನಾಗೈತಿ ಈ ಹಲ್ಲಿಗೆ?"

ನಾವು ಮುಕ್ಕಾಲು ಪಾಲು ಇದೇ ಸೀಮೆಯವರು. ಮುಂಡರಗಿ ಕಡೆಯ ಬೋರಿನ ನೀರು ಕುಡಿದವರ ಹಲ್ಲು ಕಂದಾಗುವುದನ್ನು ತೊಟ್ಟಿಲಿನಿಂದಲೇ ನೋಡಿದವರು. ಹಾಗಾಗಿ ಇಡೀ ತರಗತಿ ಒಕ್ಕೊರಲಿನಿಂದ ಕೂಗಿತು: "ನೀರು ಸರ್! ಫ್ಲೋರೈಡ್!"

ಸರ್‌ಗೆ ಅಷ್ಟು ಖುಷಿಯಾದದ್ದನ್ನು ನಾನು ಮತ್ತೆ ನೋಡಿಲ್ಲ. ನಮ್ಮ ಈ ತಪ್ಪಿಗಾಗಿಯೇ ಅವರು ವರ್ಷವಿಡೀ ಕಾಯುತ್ತಿದ್ದರೆಂದು ಆಮೇಲೆ ತಿಳಿಯಿತು.

"ತಪ್ಪು! ನೀರಿನ ಹಲ್ಲು ಚುಕ್ಕಿ ಚುಕ್ಕಿ, ಸೀಮೆಸುಣ್ಣ ತಿಕ್ಕಿದಂಗ ಇರತೈತಿ. ಇವು ಪಟ್ಟಿ ಅದಾವ, ಪಟ್ಟಿ! ಮುಂಡರಗ್ಯಾಗ ಎಲ್ಲಾರವೂ ನೀರಿನ ಹಲ್ಲು. ನನ್ನವಷ್ಟ ಇಂಪೋರ್ಟೆಡ್." ಅವರೂ ಮುಂಡರಗಿಯವರೇ. ಊರಿನಲ್ಲಿ ಎಲ್ಲರ ಹಲ್ಲೂ ಕಂದಾಗಿದ್ದರಿಂದ ಇವರ ಹಲ್ಲಿನ ವಿಶೇಷವನ್ನು ಯಾರೂ ಗುರುತಿಸಲಿಲ್ಲವೆಂಬ ಕೊರಗು ಅವರಿಗೆ ಇಂದಿಗೂ ಇದೆ.

ಆಮೇಲೆ ಬರುತ್ತಿತ್ತು ಅವರ ಪ್ರಸಿದ್ಧ ಪಾಠ. ಪ್ರತಿ ಬ್ಯಾಚಿಗೂ ಅದೇ ಮಾತು, ಅದೇ ಏರಿಳಿತ. "ಸಣ್ಣಾಂವಿದ್ದಾಗ ನನಗ ಜಡ್ಡು ಬಂತು. ಡಾಕ್ಟರ್ ಚೀಟಿ ಬರದ. ಕಂಪೌಂಡರ್ ಬಾಟ್ಲಿ ಕೊಟ್ಟ. ನಮ್ಮವ್ವ ಕುಡಿಸಿದ್ಲು. ಮೂರೂ ಮಂದಿ ಭಾಳ ಒಳ್ಳೇವ್ರು. ಒಳ್ಳೇ ಮಂದೀನ ಕೂಡಿ ನನ್ನ ಹಲ್ಲು ಕೆಡಿಸಿದ್ರು. ಕೆಟ್ಟ ಮಂದಿ ಕೈಯಾಗ ಇಷ್ಟು ಸೊಗಸಾಗಿ ಕೆಡತಿದ್ದಿಲ್ಲ." ಬೆಳೆಯುತ್ತಿರುವ ಹಲ್ಲಿನ ಕ್ಯಾಲ್ಸಿಯಂ ಕಂಡರೆ ಟೆಟ್ರಾಸೈಕ್ಲಿನ್ ಅದನ್ನು ತಬ್ಬಿಕೊಂಡುಬಿಡುತ್ತದೆ, ಹಾಗಾಗಿ ಬಸುರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಅದನ್ನು ಕೊಡಬಾರದು. ಪುಸ್ತಕದಲ್ಲಿ ಇದು ಒಂದು ಸಾಲು. ಸರ್ ಬಾಯಲ್ಲಿ ಅದು ಒಂದು ಇಡೀ ಮಧ್ಯಾಹ್ನ. ಆ ಪಾಠ ಕೇಳಿದ ನಾವ್ಯಾರೂ ಇಂದಿಗೂ ಒಂದು ಮಗುವಿಗೆ ಆ ಔಷಧಿ ಬರೆದಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.

ಹಲ್ಲು ಕೀಳುವವರಿಗೆ ಇಷ್ಟೆಲ್ಲ ಔಷಧಶಾಸ್ತ್ರ ಯಾಕೆ ಎಂಬ ಪ್ರಶ್ನೆ ನಮ್ಮೆಲ್ಲರ ಹೊಟ್ಟೆಯಲ್ಲಿತ್ತು. ಶಿರಹಟ್ಟಿಯಿಂದ ಬರುತ್ತಿದ್ದ ನನ್ನ ಗೆಳತಿ ಒಮ್ಮೆ ಅದನ್ನು ಹೊರಗೆ ಹಾಕಿಯೇಬಿಟ್ಟಳು. ಅಂದು ಕ್ಲೋರಾಂಫೆನಿಕಾಲ್ ಪಾಠ. ಒಂದು ಕಾಲಕ್ಕೆ ಟೈಫಾಯ್ಡಿಗೆ ರಾಜನಾಗಿದ್ದ ಔಷಧಿ ಅದು. ಅಪರೂಪಕ್ಕೆ ಯಾರದೋ ಮೂಳೆಯೊಳಗಿನ ರಕ್ತದ ಕಾರ್ಖಾನೆಯನ್ನೇ ಮುಚ್ಚಿಸಿಬಿಡುತ್ತದೆ, ಹಸುಗೂಸಿಗೆ ಕೊಟ್ಟರೆ ಅದರ ಎಳೆಯ ಯಕೃತ್ತು ತಾಳಲಾರದೆ ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ.

"ಸರ್, ಇದನ್ನ ನಾವು ಯಾವತ್ತರ ಬರೀತೀವೇನ್ರಿ?"

"ಜನ್ಮದಾಗ ಬರಿಯಾಂಗಿಲ್ಲವ್ವಾ. ಪರೀಕ್ಷೆಯಾಗ ಮಾತ್ರ ತಪ್ಪದ ಬರೀಬೇಕು. ನಮ್ಮ ವಿದ್ಯಾನ ಹಂಗೈತಿ."

ಈ ಎರಡು ಔಷಧಿಗಳು ಬ್ಯಾಕ್ಟೀರಿಯಾವನ್ನು ಹೇಗೆ ತಡೆಯುತ್ತವೆ ಎಂಬುದನ್ನು ಅವರು ರೊಟ್ಟಿಯಲ್ಲಿ ಹೇಳುತ್ತಿದ್ದರು. ಬ್ಯಾಕ್ಟೀರಿಯಾದ ಒಳಗೊಂದು ಅಡುಗೆಮನೆ, ಅಲ್ಲಿ ಸದಾ ಪ್ರೋಟೀನಿನ ರೊಟ್ಟಿ ಬಡಿಯುತ್ತಿರುತ್ತಾರೆ. ಟೆಟ್ರಾಸೈಕ್ಲಿನ್ ಬಂದರೆ ಹಿಟ್ಟಿನ ಉಂಡೆಯೇ ಬಡಿಯುವವಳ ಕೈಗೆ ಬರುವುದಿಲ್ಲ. ಕ್ಲೋರಾಂಫೆನಿಕಾಲ್ ಬಂದರೆ ಉಂಡೆ ಬರುತ್ತದೆ, ಆದರೆ ಹಿಂದಿನ ಹಿಟ್ಟಿಗೆ ಕೂಡಿಕೊಳ್ಳುವುದಿಲ್ಲ. "ಹಂಗಾಗಿ ಬ್ಯಾಕ್ಟೀರಿಯಾ ಸಾಯಂಗೂ ಇಲ್ಲ, ಬೆಳಿಯಾಂಗೂ ಇಲ್ಲ. ನಮ್ಮ ಕಾಲೇಜಿನ ಎರಡನೇ ಮಾಳಿಗಿ ನೋಡೀರಲ್ಲ, ಹಂಗ." ಎರಡನೇ ಮಹಡಿಯ ಕಂಬಗಳು ಆಗಲೂ ಆಕಾಶ ನೋಡುತ್ತಿದ್ದವು, ಈಗಲೂ ನೋಡುತ್ತಿವೆ.

ಕಾಲೇಜಿನ ಹೊರಗೆ ಅವರ ವೈರಿ ಒಂದೇ: ಹಾಲು. ನಮ್ಮ ಕಡೆ ಗುಳಿಗೆ ಉಷ್ಣವೆಂದು ಎಲ್ಲರ ನಂಬಿಕೆ. ಡಾಕ್ಟರು ಏನೇ ಹೇಳಲಿ, ಮನೆಯ ಹಿರಿಯರು ಗುಳಿಗೆಯ ಜೊತೆ ಒಂದು ಲೋಟ ಹಾಲು ಕೊಟ್ಟೇ ಕೊಡುತ್ತಾರೆ. ಹಾಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಟೆಟ್ರಾಸೈಕ್ಲಿನ್ ಅನ್ನು ಹಿಡಿದು ಕೂರಿಸಿಕೊಳ್ಳುತ್ತದೆ, ಔಷಧಿ ರಕ್ತಕ್ಕೆ ಹೋಗುವುದೇ ಇಲ್ಲ. ಒಮ್ಮೆ ಗದಗ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ನಾವು ಕೆಲವರು ಸರ್ ಜೊತೆ ಊಟಕ್ಕೆ ಕೂತಿದ್ದೆವು. ಪಕ್ಕದ ಟೇಬಲಿನಲ್ಲಿ ಅಡರಕಟ್ಟಿಯ ಒಬ್ಬ ರೈತರು ಊಟ ಮುಗಿಸಿ, ಹಾಲು ತರಿಸಿ, ಅಂಗಿಯ ಜೇಬಿನಿಂದ ಕ್ಯಾಪ್ಸೂಲಿನ ಪಟ್ಟಿ ತೆಗೆದರು. ಸರ್ ಕತ್ತು ಚಾಚಿ ಪಟ್ಟಿಯ ಮೇಲಿನ ಹೆಸರು ಓದಿದರು. ಎದ್ದು ಹೋದರು. ಆ ರೈತರ ಮುಂದಿನ ಲೋಟ ಎತ್ತಿಕೊಂಡು ಗಟಗಟನೆ ಹಾಲು ಕುಡಿದು, ಖಾಲಿ ಲೋಟ ಕೆಳಗಿಟ್ಟರು.

"ಯಾಂವಲೇ ಇಂವಾ! ನನ್ನ ಹಾಲು ಕುಡದನಲ್ಲೋ!"

"ನೀವು ನೀರಿನ ಜೋಡಿ ಗುಳಿಗಿ ತಗೋರಿ ಯಜಮಾನ್ರ. ಹಾಲು ನನಗಿರಲಿ. ನಾ ಆರಾಮ ಅದೀನಿ, ನನಗೇನೂ ಆಗಂಗಿಲ್ಲ."

ಗದ್ದಲ ಎದ್ದಿತು. ಖಾನಾವಳಿಯ ಮಾಲೀಕರು ಇನ್ನೊಂದು ಲೋಟ ಹಾಲು ತಂದಿಟ್ಟು ಸಮಾಧಾನ ಮಾಡಲು ನೋಡಿದರು. ಸರ್ ಅದಕ್ಕೂ ಕೈ ಹಾಕಿದರು. ಕೊನೆಗೆ ರೈತರೇ ಸೋತು ನೀರಿನಲ್ಲಿ ಗುಳಿಗೆ ನುಂಗಿದರು, ಹುಚ್ಚರ ಸಹವಾಸ ಬೇಡವೆಂದು. ಜನರಿಗೆ ಒಳ್ಳೆಯದು ಮಾಡಹೋಗಿ ಬೈಸಿಕೊಳ್ಳುವುದರಲ್ಲಿ ಸರ್‌ಗೆ ಸರಿಸಾಟಿ ಇರಲಿಲ್ಲ. ಆದರೆ ಬೈದವರ ಮೇಲೆ ಅವರು ಸಿಟ್ಟಾದದ್ದನ್ನು ನಾನು ಕಾಣೆ.

ಇಂಥವರು ಆಡಳಿತ ಮಂಡಳಿಯ ಕಣ್ಣಿಗೆ ಕಸವಾಗಿದ್ದರು. ನಮ್ಮ ಅಧ್ಯಕ್ಷರು ಮೂಲತಃ ಶೇಂಗಾ ಎಣ್ಣೆಯ ವ್ಯಾಪಾರಿಗಳು. ಡಬ್ಬಿ ಥಳಥಳ ಹೊಳೆದರೆ ಒಳಗಿನ ಎಣ್ಣೆ ತಾನಾಗಿ ಮಾರಾಟವಾಗುತ್ತದೆ ಎಂಬ ಸಿದ್ಧಾಂತದವರು. ತಪಾಸಣೆಯವರು ಬರುವ ದಿನ ಸರ್‌ಗೆ ಮಾಸ್ಕ್ ಹಾಕಿಕೊಳ್ಳಲು ಹೇಳುತ್ತಿದ್ದರು. ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ಎಲ್ಲ ಪ್ರಾಧ್ಯಾಪಕರೂ ನಗುತ್ತಿದ್ದರೆ ಸರ್ ಒಬ್ಬರು ಬೆನ್ನು ತೋರಿಸಿ ಬೋರ್ಡಿನ ಮೇಲೆ ಬರೆಯುತ್ತಿದ್ದರು.

"ಹಲ್ಲಿನ ಕಾಲೇಜಿನ ಮಾಸ್ತರ ಹಲ್ಲು ಹಿಂಗಿದ್ರ ಮಂದಿ ಏನಂದಾರ್ರಿ? ಪುಕ್ಕಟೆ ಮಾಡಿಸಿ ಕೊಡ್ತೀವಿ, ಬೆಳ್ಳಗ ಮಾಡಿಸ್ಕೋರಿ," ಎಂದು ಅಧ್ಯಕ್ಷರು ಎಷ್ಟೋ ಸಲ ಹೇಳಿದರು.

"ಅಂಗರಚನೆ ಕಲಿಸೋರಿಗೆ ಅಸ್ಥಿಪಂಜರ ಕೊಟ್ಟೀರಿ. ನಾ ನನ್ನ ಖರ್ಚಿನ್ಯಾಗ ಸಾಮಾನು ತಂದೀನಿ. ಅದನ್ನೂ ಕಸಗೋತೀರೇನು?"

ಹೀಗೆ ಯಾರಿಗೂ ಬಗ್ಗದ ಮನುಷ್ಯ ಒಂದು ದಿನ, ನಾನು ಓದು ಮುಗಿಸಿ ಲಕ್ಷ್ಮೇಶ್ವರದಲ್ಲಿ ತೆರೆದಿದ್ದ ಕ್ಲಿನಿಕ್ಕಿಗೆ ಬಂದು, ರೋಗಿಗಳೆಲ್ಲ ಹೋಗುವವರೆಗೂ ಮೂಲೆಯಲ್ಲಿ ಕೂತಿದ್ದು, ದನಿ ತಗ್ಗಿಸಿ ಕೇಳಿದರು: "ಯವ್ವಾ, ಈ ಹಲ್ಲಿಗೊಂದು ಅಂಗಿ ಹೊಲದು ಕೊಡ್ತೀಯೇನು? ಬೇಕಾದಾಗ ಹಾಕೋಬೇಕು, ಬ್ಯಾಡಾದಾಗ ತಗೀಬೇಕು."

ವಿಷಯ ಇಷ್ಟು. ಬೆಟಗೇರಿಯ ಮನೆಯಲ್ಲಿ ಅವರ ಜೊತೆ ಅವರ ತಾಯಿ ಇದ್ದರು. ಎಂಬತ್ತು ದಾಟಿದ ಜೀವ, ಕಣ್ಣು ಕಿವಿ ಎರಡೂ ಚುರುಕು. ಆ ತಾಯಿಗೆ ಮಗನ ಹಲ್ಲಿನದೇ ಚಿಂತೆ. ತಂಬಾಕು ತಿನ್ನುತ್ತಾನೆಂದು ಓಣಿಯ ಹೆಂಗಸರು ಆಡಿಕೊಂಡರಂತೆ. ಈಗೀಗ ಮಗ ಬಾಯಿ ತೆರೆದರೆ ಸಾಕು, ಅವರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಔಷಧಿ ಕುಡಿಸಿದ್ದು ತಾನಲ್ಲವೇ ಎಂಬ ಸಂಕಟ ಅದೆಂದು ಸರ್ ತಿಳಿದಿದ್ದರು. ತಾಯಿಯ ಆ ಒಂದು ಮುಖ ಅವರಿಗೆ ಸಹಿಸಲಾಗಲಿಲ್ಲ.

"ಅಂದ್ರ ಸರ್, ಪಾಠದಾಗ ಅವ್ವ ಕುಡಿಸಿದ್ಲು ಅಂತ ದಿನಾ ಹೇಳ್ತೀರಲ್ಲ, ನೀವು ಹಂಗ ಹೇಳೂದು ಅವರಿಗೆ ಗೊತ್ತಿಲ್ಲೇನ್ರಿ?"

"ಗೊತ್ತಾದ್ರ ಆಕಿ ಉಣ್ಣೂದು ಬಿಡ್ತಾಳವ್ವಾ."

ಅಳತೆ ತೆಗೆದುಕೊಂಡು ಮುಂದಿನ ಹಲ್ಲುಗಳ ಮೇಲೆ ಕೂರುವ ತೆಳುವಾದ ಬಿಳಿ ಕವಚ ಮಾಡಿಕೊಟ್ಟೆ. ಅಂದಿನಿಂದ ಶುರುವಾಯಿತು ನೋಡಿ ಒಂದು ವಿಚಿತ್ರ ಸಂಸಾರ. ಲೋಕವೆಲ್ಲ ಹೊರಗೆ ಹೋಗುವಾಗ ಚಂದ ಕಾಣಲು ವೇಷ ಹಾಕುತ್ತದೆ, ಮನೆಗೆ ಬಂದು ಕಳಚುತ್ತದೆ. ಸರ್ ಮನೆಗೆ ಹೋಗುವಾಗ ಓಣಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ ಹಲ್ಲಿಗೆ ಅಂಗಿ ತೊಡಿಸುತ್ತಿದ್ದರು, ಬೆಳಿಗ್ಗೆ ಅದೇ ತಿರುವಿನಲ್ಲಿ ತೆಗೆದು ಜೇಬಿಗೆ ಹಾಕಿ ಕಾಲೇಜಿಗೆ ಬರುತ್ತಿದ್ದರು. ಕವಚ ಹಾಕಿದಾಗ ಮಾತು ತುಸು ತೊದಲುತ್ತಿತ್ತು. ನಾನೊಮ್ಮೆ ಮನೆಗೆ ಹೋದಾಗ ಆ ತಾಯಿ ನನ್ನ ಕೈ ಹಿಡಿದು, "ನನ್ನ ಮಗಗ ಚಂದ ಮಾಡಿದಿ ತಂಗಿ, ನಿನ್ನ ಹೊಟ್ಟಿ ತಣ್ಣಗಿರಲಿ," ಎಂದರು. ಸುಳ್ಳಿಗೆ ಸಿಕ್ಕ ಆಶೀರ್ವಾದವೂ ಆಶೀರ್ವಾದವೇ ಎಂದು ಸುಮ್ಮನಾದೆ.

ಆ ಏರ್ಪಾಡಿಗೆ ಕುತ್ತು ತಂದದ್ದು ಸರ್ ನಿವೃತ್ತಿಯ ಬೀಳ್ಕೊಡುಗೆ. ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಮಾತೃಭಕ್ತಿ ಉಕ್ಕಿತು. ಪ್ರಾಧ್ಯಾಪಕರ ತಾಯಿಯನ್ನೂ ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರೆ ಪತ್ರಿಕೆಯಲ್ಲಿ ಫೋಟೋ ಚೆನ್ನಾಗಿ ಬರುತ್ತದೆ ಎಂದು ಯಾರೋ ಹೇಳಿದ್ದರು. ಅವ್ವನಿಗೆ ಮಂಡಿ ನೋವು ಎಂದರು ಸರ್. ಕಾರು ಕಳಿಸುತ್ತೇವೆ ಎಂದರು ಅಧ್ಯಕ್ಷರು. ಅವ್ವನಿಗೆ ಜನ ಕಂಡರೆ ಆಗುವುದಿಲ್ಲ ಎಂದರು ಸರ್. ಆದರೆ ಅಷ್ಟರಲ್ಲಿ ಆ ತಾಯಿ ಪೆಟ್ಟಿಗೆಯಿಂದ ಜರಿ ಸೀರೆ ತೆಗೆಸಿ ಬಿಸಿಲಿಗೆ ಹಾಕಿಯಾಗಿತ್ತು.

ಸರ್ ನನಗೆ ಫೋನ್ ಮಾಡಿದರು. ಎಂದೂ ಹೆದರದ ದನಿಯಲ್ಲಿ ಹೆದರಿಕೆ ಇತ್ತು. "ಯವ್ವಾ, ಅವತ್ತು ಯಾರೂ ಹಲ್ಲಿನ ಸುದ್ದಿ ಎತ್ತಬಾರದು. ನಾ ಅಂಗಿ ಹಾಕ್ಕೊಂಡ ಬರ್ತೀನಿ. ನನ್ನ ಪಾಠ ಅವ್ವನ ಕಿವಿಗೆ ಬೀಳಬಾರದು. ಇದೊಂದು ಮಾಡು."

ಮಾತಾಡಲಿದ್ದ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಹಿಡಿದು ಹೇಳಿದೆ. ಟೆಟ್ರಾ ಸರ್ ಬಗ್ಗೆ ಹಲ್ಲಿನ ಸುದ್ದಿ ಬಿಟ್ಟು ಮಾತಾಡಿ ಎನ್ನುವುದು, ಮಂಗನನ್ನು ನೆನೆಯದೆ ಔಷಧಿ ಕುಡಿ ಎಂದಂತೆಯೇ. ಆದರೂ ಹುಡುಗರು ಮಾತು ಉಳಿಸಿಕೊಂಡರು. ಒಬ್ಬನು ರೊಟ್ಟಿ ಹೇಳಿದ, ಇನ್ನೊಬ್ಬಳು ಖಾನಾವಳಿಯ ಹಾಲು ಹೇಳಿದಳು. ವೇದಿಕೆಯ ಮೇಲೆ ಸರ್ ಬೆಳ್ಳಗೆ ನಗುತ್ತ ಕೂತಿದ್ದರು, ಪಕ್ಕದಲ್ಲಿ ಜರಿ ಸೀರೆಯ ತಾಯಿ. ಕೊನೆಯ ವಿದ್ಯಾರ್ಥಿ ಇಳಿದಾಗ ನಾನು ಉಸಿರು ಬಿಟ್ಟೆ.

ಅಧ್ಯಕ್ಷರಿಗೆ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಮುಚ್ಚಿಡು ಎಂದವರು ಬಿಚ್ಚುತ್ತಾರೆಂದು ಯಾರು ಎಣಿಸಿಯಾರು? ಅವರು ಮೈಕು ಹಿಡಿದರು:

"ಬಂಧುಗಳೇ, ಬೇರೆ ಕಾಲೇಜಿನವರು ಪುಸ್ತಕದಿಂದ ಪಾಠ ಮಾಡಿದರೆ, ನಮ್ಮ ಸರ್ ತಮ್ಮ ಹಲ್ಲನ್ನೇ ಪಾಠ ಮಾಡಿದರು! ಇದು ನಮ್ಮ ಸಂಸ್ಥೆಯ ಹೆಮ್ಮೆ! ಸಣ್ಣವರಿದ್ದಾಗ ತಾಯಿ ಕುಡಿಸಿದ ಔಷಧಿಯಿಂದ ಹಲ್ಲು ಕೆಟ್ಟವು ಅಂತ ಪ್ರತಿಯೊಂದು ಬ್ಯಾಚಿಗೂ ಹೇಳಿದರು. ಆ ಮಹಾತಾಯಿ ಇವತ್ತು ನಮ್ಮ ನಡುವೆ ಇದ್ದಾರೆ. ಜೋರಾದ ಚಪ್ಪಾಳೆ ಬರಲಿ!"

ಚಪ್ಪಾಳೆ ಬಂತು. ಮಗನ ಹಲ್ಲು ಕೆಡಿಸಿದ್ದಕ್ಕೆ ಶಾಲು ಹೊದಿಸಿಕೊಂಡ ತಾಯಿ ಲೋಕದಲ್ಲಿ ಇವರೊಬ್ಬರೇ ಇರಬೇಕು. ಆ ಮನುಷ್ಯನ ಕೈಯಿಂದ ಮೈಕು ಕಸಿದುಕೊಳ್ಳಬೇಕು ಎನ್ನುವಷ್ಟು ಸಿಟ್ಟು ಬಂತು ನನಗೆ. ಸರ್ ಮುಖದ ನಗು ಸತ್ತುಹೋಗಿತ್ತು. ಅವರು ತಾಯಿಯ ಕಡೆ ನೋಡಲೇ ಇಲ್ಲ, ಶಾಲಾ ಹುಡುಗನ ಹಾಗೆ ಕಾಲ ಬುಡ ನೋಡುತ್ತ ಕೂತಿದ್ದರು.

ತಾಯಿ ಕೈ ಎತ್ತಿದರು. "ಅದನ್ನ ಇಲ್ಲಿ ಕೊಡ್ರಿ," ಎಂದರು. ಕೇಳಿದ್ದು ಮೈಕನ್ನು. ಕೊಡದೆ ಗತಿಯಿರಲಿಲ್ಲ.

"ನನ್ನ ಮಗ ಖರೆ ಹೇಳ್ಯಾನ್ರಿ. ಔಷಧ ಕುಡಿಸಿದಾಕಿ ನಾನ. ಇವ ಆಗ ಅಂಬೆಗಾಲಿಡ್ತಿದ್ದ. ಎದಿ ಕಟ್ಟಿ ಉಸಿರು ಸಿಗವಲ್ದಾಗಿತ್ತು. ಗದಗಿಗೆ ಎತ್ಕೊಂಡು ಬಂದ್ವಿ. ಡಾಕ್ಟರ್ ಬಾಟ್ಲಿ ಬರಕೊಟ್ರು. ಹಳದಿ ಔಷಧ. ಮತ್ತ ಮತ್ತ ಎದಿ ಕಟ್ಟತಿತ್ತು, ಮತ್ತ ಮತ್ತ ಕುಡಿಸಿದೆ. ಆ ಚಳಿಗಾಲದಾಗ ನಮ್ಮ ಓಣ್ಯಾಗ ಅದ ಜಡ್ಡಿಗೆ ಕೂಸು ಕಳಕೊಂಡು ಮಂದಿ ತೊಟ್ಟಿಲಾ ಬಿಚ್ಚಿದ್ರು. ನನ್ನ ಮನ್ಯಾಗ ಬಿಚ್ಚಲಿಲ್ಲ."

ಅವರು ಮೈಕನ್ನು ಹಾಗೇ ಹಿಡಿದು ಮಗನ ಕಡೆ ತಿರುಗಿದರು. ಅದು ಎಲ್ಲರಿಗೂ ಕೇಳುತ್ತಿದೆ ಎಂಬ ಪರಿವೆ ಅವರಿಗಿರಲಿಲ್ಲ.

"ಯಪ್ಪಾ, ಇಷ್ಟು ವರ್ಷ ಹುಡುಗ್ರಿಗೆ ಹಲ್ಲಿನ ಸುದ್ದಿ ಹೇಳಿದಿ. ಆ ಔಷಧದಿಂದನ ನೀ ಉಳದಿ ಅನ್ನೂದು ಹೇಳಿಯಿಲ್ಲೋ?"

ಯಾವುದೇ ಔಷಧಿಗೆ ಪುಸ್ತಕದಲ್ಲಿ ಉಪಯೋಗಗಳು ಎಂದೊಂದು ಭಾಗ ಇರುತ್ತದೆ. ಟೆಟ್ರಾಸೈಕ್ಲಿನ್ನಿನ ಆ ಭಾಗ ಬಂದಾಗ ಸರ್ "ಅದನ್ನ ಮನ್ಯಾಗ ಓದ್ಕೋರಿ" ಎಂದು ಹಾಳೆ ತಿರುವುತ್ತಿದ್ದರು. ಹಾನಿಯನ್ನು ಅಷ್ಟು ಸೊಗಸಾಗಿ ಕಲಿತ ನಾವ್ಯಾರೂ, ಮನೆಯಲ್ಲಿ ಓದಿಕೊಂಡವರೂ ಸಹ, ಹಾಗಾದರೆ ಆ ಮಗು ಬದುಕಿದ್ದು ಹೇಗೆ ಎಂದು ಒಮ್ಮೆಯೂ ಕೇಳಿರಲಿಲ್ಲ.

"ಇಲ್ಲವ್ವಾ, ಹೇಳಿಲ್ಲ," ಎಂದರು ಸರ್. ಕವಚದ ತೊದಲಿಗೆ ಅಳುವೂ ಸೇರಿ ಮಾತು ಅರ್ಧವೇ ಹೊರಬಂತು.

"ಮತ್ತ ಈಗ ಹೇಳು. ಬಾಯಾಗಿಂದು ತಗದು, ತಿಳಿಯೂ ಹಂಗ ಹೇಳು."

ಹಲ್ಲಿನ ಅಂಗಿಯ ಗುಟ್ಟು ಆ ಚುರುಕು ಕಣ್ಣಿಗೆ ಮೊದಲೇ ತಿಳಿದಿತ್ತು. ಸರ್ ಮುಖ ಮರೆಮಾಡಲಿಲ್ಲ. ಎಲ್ಲರೆದುರೇ ಆ ಬಿಳಿ ಕವಚ ತೆಗೆದು ಮೇಜಿನ ಮೇಲೆ, ಹೂವಿನ ಹಾರದ ಪಕ್ಕದಲ್ಲಿಟ್ಟರು. ತಾಯಿ ಈ ಸಲ ಮುಖ ತಿರುಗಿಸಲಿಲ್ಲ. ಮಗನ ಬಾಯಿಯನ್ನೇ ನೋಡುತ್ತ ಕೂತರು. ಸರ್ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, ಹಿಂದಿನ ಬೆಂಚಿಗೂ ಕೇಳುವ ಹಾಗೆ ಹೇಳಿದರು:

"ಟೆಟ್ರಾಸೈಕ್ಲಿನ್. ಉಪಯೋಗಗಳು. ಒಂದನೇದು, ನಾನು."